ಆಸ್ಪತ್ರೆ ಸಾಫ್ಟ್‌ವೇರ್ ತಂಡದ ಹೊಣೆ, ಜೊತೆಗೊಂದು ಪುಟ್ಟ ತೋಟ: ಎರಡೂ ಒಬ್ಬರ ಕೈಲಿ ಆಗುತ್ತಾ?

ಮೊಳಕೆ

ಎಲ್ಲರಿಗೂ ನಮಸ್ಕಾರ. ರೋಗಿಗಳ ದಾಖಲೆ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ ನಾನು ಎಂಜಿನಿಯರಿಂಗ್ ಮ್ಯಾನೇಜರ್. ಈಗ ಇಡೀ ತಂತ್ರಜ್ಞಾನ ವಿಭಾಗದ ಹೊಣೆ ಹೊರುತ್ತೀರಾ ಅಂತ ಕೇಳಿದ್ದಾರೆ. ಸಂತೋಷವೇ. ಆದರೆ ನಮಗೆ ಎರಡು ಎಕರೆಗಿಂತ ಸ್ವಲ್ಪ ಜಾಸ್ತಿ ಜಮೀನಿದೆ. ಅರ್ಧದಲ್ಲಿ ಹಣ್ಣಿನ ಗಿಡ, ಒಂದಷ್ಟು ತರಕಾರಿ ಪಾತಿ, ಉಳಿದದ್ದು ಖಾಲಿ. ಮನೆಯೂ ಅಲ್ಲೇ. ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ದಿನಕ್ಕೆ ಅರ್ಧ ಹೊತ್ತು ಬರುವ ಒಬ್ಬ ಕೆಲಸಗಾರರಿದ್ದಾರೆ. ಖಾಲಿ ಜಾಗದಲ್ಲಿ ಆಡು ಸಾಕಬೇಕು ಅಂತ ಬಹಳ ಕಾಲದ ಆಸೆ.

ಬೆಳಗ್ಗೆ ಐದಕ್ಕೆ ಏಳಿ, ಕ್ಯಾಲೆಂಡರ್‌ನಲ್ಲಿ ಬಣ್ಣ ಹಚ್ಚಿ ಅನ್ನುವ ಸಲಹೆ ದಯವಿಟ್ಟು ಬೇಡ. ಅದೆಲ್ಲ ಕೇಳಿ ಆಗಿದೆ. ನನಗೆ ಬೇಕಾದ್ದು ಇಷ್ಟು: ಇಂಥ ಕೆಲಸದಲ್ಲಿದ್ದು ತೋಟ ನಡೆಸುತ್ತಿರುವವರು ತೋಟದಲ್ಲಿ ಏನು ಇಟ್ಟುಕೊಂಡಿರಿ, ಏನು ಬಿಟ್ಟಿರಿ? ಕೆಲಸ ಒಪ್ಪಿಕೊಳ್ಳುವ ಮೊದಲು ಯಾವ ಮಾತು ಆಡಿಕೊಳ್ಳಬೇಕು?

ರಾತ್ರಿಪಾಳಿ

ಮೊದಲು ಅಭಿನಂದನೆ. ಆಮೇಲೆ ಒಂದು ಕಹಿ ಮಾತು. ತೋಟದ ಕೆಲಸವನ್ನೆಲ್ಲ ಶನಿವಾರ ಭಾನುವಾರಕ್ಕೆ ಇಟ್ಟುಕೊಂಡಿದ್ದರೆ ಆ ಲೆಕ್ಕ ಈಗಲೇ ಬಿಟ್ಟುಬಿಡಿ.

ನಮ್ಮ ಕ್ಷೇತ್ರಕ್ಕೆ ಬಿದ್ದ ದೊಡ್ಡ ಪೆಟ್ಟುಗಳ ತಾರೀಖು ನೋಡಿ. ಕಡತ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಬಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಆಸ್ಪತ್ರೆಗಳ ಕಂಪ್ಯೂಟರ್‌ಗಳು ಲಾಕ್ ಆದದ್ದು 2017ರ ಮೇ 12, ಶುಕ್ರವಾರ. ಎಷ್ಟೋ ಸಾಫ್ಟ್‌ವೇರ್‌ಗಳ ಒಳಗೆ ಕೂತಿರುವ ಲಾಗ್4ಜೆ ಅನ್ನುವ ಕೋಡಿನ ಭದ್ರತಾ ತೂತು ಜಗತ್ತಿಗೆಲ್ಲ ಗೊತ್ತಾಗಿ ಎಲ್ಲರೂ ಪ್ಯಾಚ್ ಹಾಕಲು ಓಡಿದ್ದು 2021ರ ಡಿಸೆಂಬರ್ 10, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರಿನ ಅಪ್‌ಡೇಟಿನಿಂದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತದ್ದು 2024ರ ಜುಲೈ 19. ಅದೂ ಶುಕ್ರವಾರ! ಮೂರಕ್ಕೂ ವಾರಾಂತ್ಯವೇ ಬಲಿ. ಇದೆಲ್ಲ ಕಾಕತಾಳೀಯ ಅನ್ನಿ, ಪರವಾಗಿಲ್ಲ. ಆದರೆ ಆ ಶನಿವಾರ ನೀವು ಸಸಿ ನೆಡಲು ಗುಂಡಿ ತೋಡಿಸಿಟ್ಟಿದ್ದರೆ ಸಸಿಗೆ ಕಾಕತಾಳೀಯ ಅಂತ ಹೇಳಿ ಪ್ರಯೋಜನವಿಲ್ಲ.

ಮಾಹಿತಿ ಸೋರಿಕೆ ಆದರಂತೂ ಕೇಳಲೇಬೇಡಿ. ಯುರೋಪಿನ ಮಾಹಿತಿ ರಕ್ಷಣೆ ಕಾನೂನು ಜಿಡಿಪಿಆರ್ ಪ್ರಕಾರ ಗೊತ್ತಾದ 72 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕು. ಆ 72 ಗಂಟೆಯಿಂದ ರಜಾದಿನ ಕಳೆಯುವ ಲೆಕ್ಕ ಇಲ್ಲ.

ಹಾಗಾಗಿ ನನ್ನ ಪ್ರಶ್ನೆ: ಹೊಸ ಹುದ್ದೆಯಲ್ಲಿ ರಾತ್ರಿ ಕರೆ ಕೊನೆಗೆ ಯಾರಿಗೆ ಬರುತ್ತೆ? ನಿಮಗೊಬ್ಬರಿಗೇನಾ?

ಮೊಳಕೆ

ಸದ್ಯಕ್ಕೆ ಹೌದು. ತಂಡದಲ್ಲಿ ಪಾಳಿ ಇದೆ. ಆದರೆ ಆಸ್ಪತ್ರೆಯ ಕಡೆಯ ದೊಡ್ಡವರಿಗೆ ಮಾತು ಕೊಡಬೇಕಾದಾಗ ಕೊನೆಯ ಫೋನ್ ಈಗಿರುವ ಮುಖ್ಯಸ್ಥರಿಗೇ ಹೋಗುತ್ತೆ. ನಾಳೆ ಅದು ನನಗೆ.

ಕೊಟ್ಟಿಗೆ_ಲೆಕ್ಕ

ನಾನು ಆಸ್ಪತ್ರೆಯೊಂದರ ಮಾಹಿತಿ ವಿಭಾಗದ ಮುಖ್ಯಸ್ಥ. ಜೊತೆಗೆ ತೋಟ, ಕೋಳಿ, ಹಿಂದೆ ಹಸುಗಳೂ ಇದ್ದವು. ನೀವು ಗಂಟೆಗಳ ಲೆಕ್ಕ ಹಾಕಬೇಡಿ, ತಡೆಯುವ ಲೆಕ್ಕ ಹಾಕಿ. ಯಾವುದೇ ಸಿಸ್ಟಮ್ ಎಷ್ಟು ಹೊತ್ತು ನಿಂತರೆ ಆಸ್ಪತ್ರೆ ತಡೆದುಕೊಳ್ಳುತ್ತೆ ಅಂತ ಕೆಲಸದಲ್ಲಿ ಬರೆದಿಟ್ಟಿರುತ್ತೀರಿ ಅಲ್ವಾ? ಅದೇ ಪಟ್ಟಿಯನ್ನು ತೋಟಕ್ಕೂ ಮಾಡಿ.

ಬೇರು ಬಿಟ್ಟ ಹಣ್ಣಿನ ಮರ ನೀವಿಲ್ಲದೆ ವಾರಗಟ್ಟಲೆ ತಡೆಯುತ್ತೆ. ಹೊದಿಕೆ ಹಾಕಿದ ತರಕಾರಿ ಪಾತಿ ಸುಡುಬಿಸಿಲಲ್ಲೂ ಒಂದೆರಡು ದಿನ. ಸಸಿ ಮಡಿ ಅಷ್ಟೂ ಇಲ್ಲ. ಟ್ರೇಯಲ್ಲಿರುವ ಎಳೆ ಸಸಿ ಒಂದು ಮಧ್ಯಾಹ್ನ ನೀರು ತಪ್ಪಿದರೆ ಬಾಡಿ ಮಲಗುತ್ತೆ. ಕೋಳಿಗಳಿಗೆ ನೀರು, ಮೇವು ತುಂಬಿಟ್ಟರೆ ಹಗಲು ತಳ್ಳುತ್ತವೆ. ಆದರೆ ಸಂಜೆ ಗೂಡಿನ ಬಾಗಿಲು ಹಾಕುವ ಹೊತ್ತಿಗೆ ಯಾರಾದರೂ ಇರಲೇಬೇಕು. ಆ ಹೊತ್ತಿಗೇ ನಿಮ್ಮ ಕಾಲ್ ಇರುತ್ತೆ, ಬೇಕಾದರೆ ನೋಡಿ. ಬಾಗಿಲಿಗೆ ಬೆಳಕು ನೋಡಿ ಮುಚ್ಚುವ ಮೋಟರ್ ಸಿಗುತ್ತೆ, ಹಾಕಿಸಿ.

ಹಾಲು ಕರೆಯುವ ಪ್ರಾಣಿ ಇಟ್ಟರೆ ಹೆಚ್ಚುಕಮ್ಮಿ ಹನ್ನೆರಡು ಗಂಟೆಗೊಮ್ಮೆ ನೀವು ಸೆರೆ. ಹೊತ್ತು ತಪ್ಪಿ ಹಾಲು ಉಳಿಸಿದರೆ ಕೆಚ್ಚಲು ಬಿಗಿಯುತ್ತೆ, ಕೆಚ್ಚಲುಬಾವು ಬರಲು ದಾರಿ. ಇನ್ನು ಈಯುವ ಹೊತ್ತು. ಮರಿ ಅಡ್ಡ ಬಂದರೆ ಅರ್ಧ ಗಂಟೆಯೂ ದೊಡ್ಡದು. ಹುಟ್ಟಿದ ಮರಿಗೆ ಮೊದಲ ಕೆಲವು ಗಂಟೆಯಲ್ಲಿ ಗಿಣ್ಣುಹಾಲು ಹೋಗಲೇಬೇಕು. ಅದರಲ್ಲಿರುವ ರೋಗನಿರೋಧಕವನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಗಂಟೆಗಂಟೆಗೂ ಇಳಿಯುತ್ತೆ. ಒಂದು ದಿನ ಕಳೆಯುವ ಹೊತ್ತಿಗೆ ಬಹುತೇಕ ಮುಗಿದ ಹಾಗೆ.

ನಿಮ್ಮ ಕೆಲಸವೂ ನಿಮಿಷದ ಲೆಕ್ಕದ್ದು. ಒಂದೇ ಮನುಷ್ಯನ ಮೇಲೆ ಎರಡೂ ಕಡೆಯಿಂದ ನಿಮಿಷದ ಲೆಕ್ಕ ಇಡಬೇಡಿ. ತೋಟ ವಾರದ ಲೆಕ್ಕದ್ದಾಗಿರಲಿ. ನನ್ನ ಮತ ಮರಗಳಿಗೆ. ಆಡು ನಿವೃತ್ತಿ ಆದಮೇಲೆ.

ಹಸಿರುಬೇಲಿ

ಕೊಟ್ಟಿಗೆ_ಲೆಕ್ಕ ಸರ್, ಲೆಕ್ಕ ಒಪ್ಪಿದೆ, ತೀರ್ಪು ಒಪ್ಪಲ್ಲ. ಆಡು ಅಂದ ತಕ್ಷಣ ಹಾಲು ಕರೆಯಲೇಬೇಕು ಅಂತ ಯಾರು ಹೇಳಿದರು? ಹಾಲು ಪೂರ್ತಿ ಮರಿಗಳೇ ಕುಡಿಯಲಿ. ಆಗ ಆ ಹನ್ನೆರಡು ಗಂಟೆಯ ಕಟ್ಟು ಹೋಯಿತು. ಉಳಿಯುವುದು ಈಯುವ ಕಾಲ ಒಂದೇ. ಅದು ನಿಮ್ಮ ಕೈಯಲ್ಲೇ ಇದೆ.

ನಾನು ಡಯಾಗ್ನೋಸ್ಟಿಕ್ ಸಾಫ್ಟ್‌ವೇರ್ ತಂಡ ನಡೆಸುತ್ತೇನೆ. ನಮ್ಮ ರಿಲೀಸ್ ಕ್ಯಾಲೆಂಡರ್‌ನಲ್ಲಿ ಒಂದು ಸಾಲು ಆಡಿನದು. ಆಡು ಗಬ್ಬ ಕಟ್ಟಿದಮೇಲೆ ಸುಮಾರು 150 ದಿನಕ್ಕೆ ಈಯುತ್ತೆ. ಬೆದೆ ಸುಮಾರು 21 ದಿನಕ್ಕೊಮ್ಮೆ. ಹೋತವನ್ನು ವರ್ಷಪೂರ್ತಿ ಜೊತೆಗೆ ಬಿಟ್ಟರೆ ಯಾವ ಆಡು ಯಾವಾಗ ಈಯುತ್ತೋ ಯಾರಿಗೂ ಗೊತ್ತಾಗಲ್ಲ. ಹೋತವನ್ನು ಬೇರೆ ಕಟ್ಟಿ. ಕೆಲಸ ಕಮ್ಮಿ ಇರುವ ತಿಂಗಳು ಯಾವುದು ನೋಡಿ, ಅಲ್ಲಿಂದ 150 ದಿನ ಹಿಂದಕ್ಕೆ ಎಣಿಸಿ, ಆಗ ಹೋತವನ್ನು ಒಂದು ಬೆದೆಚಕ್ರ ಕಳೆಯುವವರೆಗೆ ಬಿಟ್ಟು ವಾಪಸ್ ತನ್ನಿ. ಗಬ್ಬ ಕಟ್ಟಿದವೆಲ್ಲ ಹೆಚ್ಚುಕಮ್ಮಿ ಮೂರು ವಾರದೊಳಗೆ ಈಯುತ್ತವೆ. ಆ ಮೂರು ವಾರಕ್ಕೆ ನಾನು ರಜೆ ಹಾಕಲ್ಲ, ಪ್ರಯಾಣ ಮಾತ್ರ ಒಪ್ಪಿಕೊಳ್ಳಲ್ಲ. ಹಿಡಿಯದೆ ಉಳಿದ ಒಂದೆರಡು ಆಡು ಮುಂದಿನ ಸಲಕ್ಕೆ.

ಒಂದು ಎಚ್ಚರ. ಸಮಭಾಜಕದಿಂದ ದೂರದ ನಾಡುಗಳಲ್ಲಿ ಹಗಲು ಕಿರಿದಾಗುವ ಕಾಲಕ್ಕೇ ಆಡುಗಳು ಬೆದೆಗೆ ಬರುತ್ತವೆ. ಅಲ್ಲಿ ನಿಮ್ಮ ಆಯ್ಕೆ ಕೆಲವೇ ತಿಂಗಳು. ಸಮಭಾಜಕಕ್ಕೆ ಹತ್ತಿರವಾದಷ್ಟೂ ಈ ಕಟ್ಟು ಸಡಿಲ.

ಮೊಳಕೆ

ಇದು ಬಹಳ ಇಷ್ಟ ಆಯ್ತು. ಆದರೆ ನಮ್ಮಲ್ಲಿ ಹೊಸ ಆಸ್ಪತ್ರೆಗೆ ಸಿಸ್ಟಮ್ ಚಾಲೂ ಮಾಡುವ ದಿನ ಯಾವತ್ತೂ ನಿಂತಲ್ಲಿ ನಿಲ್ಲಲ್ಲ ಮೇಡಂ. ಮುಂದಕ್ಕೆ, ಮುಂದಕ್ಕೆ ಹೋಗುತ್ತಲೇ ಇರುತ್ತೆ. ಆಡು ಮಾತ್ರ ಮುಂದಕ್ಕೆ ಹಾಕಲ್ಲವಲ್ಲ!

ಹಸಿರುಬೇಲಿ

ಹ್ಹಹ್ಹ, ನಿಜ. ಚಾಲೂ ದಿನ ನಂಬಬೇಡಿ. ಆಡಿಟ್ ದಿನ ನಂಬಿ. ಹೊರಗಿನ ಆಡಿಟರ್ ಬರುವ ವಾರ ಸಾಮಾನ್ಯವಾಗಿ ಅಲ್ಲಾಡಲ್ಲ. ವರ್ಷದ ಕೊನೆಗೆ ಆಸ್ಪತ್ರೆಗಳು ಹೊಸ ಬದಲಾವಣೆ ಬೇಡ ಅಂತ ಫ್ರೀಜ್ ಹಾಕುತ್ತವಲ್ಲ, ಅದೂ ಅಲ್ಲಾಡಲ್ಲ. ನಾನು ಈಯುವ ಕಾಲವನ್ನು ಫ್ರೀಜ್ ಒಳಗೆ ತರುತ್ತೇನೆ. ಇದನ್ನು ಬಾಸ್‌ಗೆ ವಿವರಿಸಿದ ದಿನ ಅವರ ಮುಖ ನೋಡಬೇಕಿತ್ತು.

ಎರೆಹುಳು

ಮರ ಮತ್ತು ಹನಿ ನೀರಾವರಿ ಪಕ್ಷ ನಾನು. ಆಡಿನ ಜಗಳಕ್ಕೆ ಬರಲ್ಲ. ಆದರೆ ತಂತ್ರಜ್ಞಾನದವರು ತೋಟಕ್ಕಿಳಿದರೆ ಒಂದು ಕಾಯಿಲೆ ಶುರುವಾಗುತ್ತೆ, ಅದರ ಬಗ್ಗೆ ಹೇಳಬೇಕು. ಎಲ್ಲದಕ್ಕೂ ಸೆನ್ಸರ್ ಹಾಕುವುದು. ಮಣ್ಣಿನ ತೇವಕ್ಕೆ, ಎಲೆಯ ತೇವಕ್ಕೆ, ಗಾಳಿಗೆ, ಗೇಟಿಗೆ. ಫೋನು ದಿನವಿಡೀ ಕಿರಿಕಿರಿ. ಆಸ್ಪತ್ರೆಯಲ್ಲಿ ಅಲಾರಂ ದಣಿವು ಅಂತೀವಲ್ಲ, ಸದ್ದು ಕೇಳಿ ಕೇಳಿ ಕೊನೆಗೆ ಯಾರೂ ತಿರುಗಿ ನೋಡದಿರುವುದು, ಅದೇ. ಅಲಾರಂಗಳನ್ನು ಹತೋಟಿಯಲ್ಲಿಡುವುದನ್ನು ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 2014ರಲ್ಲಿ ರೋಗಿ ಸುರಕ್ಷತೆಯ ಗುರಿಗಳಲ್ಲಿ ಸೇರಿಸಿತು. ಆ ಪಾಠ ಕಲಿತ ನಾವೇ ಮನೆಗೆ ಬಂದು ಟೊಮೆಟೊ ಗಿಡಕ್ಕೆ ಮಾನಿಟರ್ ಕಟ್ಟುತ್ತೇವೆ.

ಒಂದೇ ಒಂದು ಅಳತೆ ಸಾಕು ಅಂದರೆ ನಾನು ನೀರಿನ ಹರಿವು ಆರಿಸುತ್ತೇನೆ. ಲೆಕ್ಕ ಹೀಗೆ: ಒಂದು ವಾಲ್ವ್‌ನ ಕೆಳಗೆ ಗಂಟೆಗೆ 4 ಲೀಟರ್ ಬಿಡುವ 300 ಡ್ರಿಪ್ಪರ್ ಇದ್ದರೆ ಗಂಟೆಗೆ 1,200 ಲೀಟರ್ ಹೋಗಬೇಕು. ಮೀಟರ್ 1,500 ತೋರಿಸಿದರೆ ಎಲ್ಲೋ ಪೈಪ್ ಬಿಚ್ಚಿದೆ ಅಥವಾ ಇಲಿ ಕಡಿದಿದೆ. 900 ತೋರಿಸಿದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಡ್ರಿಪ್ಪರ್‌ಗಳಲ್ಲಿ ಕೆಸರು ತುಂಬಿದೆ. ಎರಡಕ್ಕೂ ಒಂದೊಂದು ಎಚ್ಚರಿಕೆ ಇಡಿ, ಉಳಿದದ್ದೆಲ್ಲ ಕಿತ್ತು ಬಿಸಾಕಿ. ಫಿಲ್ಟರ್ ತೊಳೆಯುವುದು, ಪೈಪಿನ ಕೊನೆ ಬಿಚ್ಚಿ ಕೆಸರು ಹರಿಸುವುದು ಯಾವ ಆ್ಯಪ್ ಕೂಡ ಮಾಡಲ್ಲ. ಅದಕ್ಕೆ ಕೈ ಬೇಕು.

ವಾಲ್ವ್ ಕೊಳ್ಳುವಾಗ ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುವಂಥದ್ದು ಕೇಳಿ. ನೀವು ಕಾಲ್‌ನಲ್ಲಿದ್ದಾಗ ತೆರೆದೇ ಉಳಿದ ವಾಲ್ವ್ ಟ್ಯಾಂಕು ಬರಿದು ಮಾಡುತ್ತೆ.

ಇನ್ನೊಂದು ಸಣ್ಣ ಲೆಕ್ಕ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 10 ಮಿಲಿಮೀಟರ್ ಬಿದ್ದ ದಿನ ವೇಳಾಪಟ್ಟಿಯಂತೆ ನೀರು ಬಿಡುವ ಯಂತ್ರಕ್ಕಿಂತ, ಸುಮ್ನೆ ಒಂದು ಮಳೆ ಮಾಪಕ ನೋಡಿ ಮೋಟರ್ ನಿಲ್ಲಿಸುವ ಮನುಷ್ಯ ಮೇಲು.

ಹಳೇಬೇರು

ನಾನು ಈ ಉದ್ಯೋಗದವನಲ್ಲ, ಪೂರ್ತಿ ಕೃಷಿಕ. ಓದುತ್ತಾ ಬಂದೆ. ಹಿರಿಯರು ಹೇಳಿದ ಮಾತೇ ಸರಿ: ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ. ನೀವು ಲ್ಯಾಪ್‌ಟಾಪ್ ಮುಂದೆ ಕೂತು, ತೋಟವನ್ನು ಅರ್ಧ ದಿನದ ಆಳಿಗೆ ಬಿಟ್ಟರೆ ಬೆಳೆ ಬರಲ್ಲ, ಬರೀ ಖರ್ಚು ಬರುತ್ತೆ. ದಿನಾ ಒಂದು ಸುತ್ತು ಹಾಕದವನಿಗೆ ಜಮೀನು ಮಾತಾಡಲ್ಲ. ಎರಡು ದೋಣಿ ಮೇಲೆ ಕಾಲಿಡಬೇಡಿ.

ಪಾಳಿ_ಅಕ್ಕ

ಹಳೇಬೇರು ಅವರೇ, ನಿಮ್ಮ ಅನುಭವಕ್ಕೆ ಗೌರವ ಇದೆ. ದಿನಾ ಒಂದು ಸುತ್ತು ಅನ್ನುವುದು ನೂರಕ್ಕೆ ನೂರು ನಿಜ. ಆದರೆ ಆ ಗಾದೆಯನ್ನು ನಾನು ಒಪ್ಪಲ್ಲ. ಅದನ್ನು ನಂಬಿದ ಮ್ಯಾನೇಜರ್ ಆಫೀಸಿನಲ್ಲೂ ಸೋಲುತ್ತಾರೆ, ತೋಟದಲ್ಲೂ ಸೋಲುತ್ತಾರೆ. ಕೆಲಸ ಹಾಳಾಗುವುದು ಬೇರೆಯವರು ಮಾಡಿದ್ದಕ್ಕಲ್ಲ. ಅರ್ಧ ವಿಷಯ ಹೇಳಿ, ಪೂರ್ತಿ ಕೆಲಸ ಕೇಳುವುದಕ್ಕೆ.

ನಾನು ಮೊದಲು ನರ್ಸ್ ಆಗಿದ್ದೆ. ಈಗ ಆಸ್ಪತ್ರೆಯ ಕ್ಲಿನಿಕಲ್ ಸಿಸ್ಟಮ್‌ಗಳ ತಂಡ ನನ್ನದು. ಪಾಳಿ ಬದಲಾಗುವಾಗ ರೋಗಿಯನ್ನು ಒಪ್ಪಿಸುವ ರೀತಿ ನಮಗೆ ರಕ್ತದಲ್ಲೇ ಇದೆ. ಎಸ್‌ಬಾರ್ ಅಂತ ಒಂದು ಕ್ರಮ ಇದೆ, ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದದ್ದು. ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನನ್ನಿಸುತ್ತೆ, ಏನು ಮಾಡಬೇಕು. ನಾಲ್ಕೇ ನಾಲ್ಕು ಮಾತು. ನಮ್ಮ ತೋಟದ ಶೆಡ್ಡಿನಲ್ಲಿ ಒಂದು ಹಲಗೆ ಇದೆ. ಅದರ ಮೇಲೆ ಬರೆಯುವುದು ಹೀಗೆ:

"ಮೂರನೇ ಸಾಲಿನ ಕಪ್ಪು ಆಡು ಬೆಳಗ್ಗೆ ಮೇವು ಮುಟ್ಟಿಲ್ಲ. ನಿನ್ನೆ ಹೊಸ ಮೇವಿಗೆ ಬದಲಾಯಿಸಿದ್ದು. ಎಡಹೊಟ್ಟೆ ಬಿಗಿ ಇದೆ, ಉಬ್ಬರ ಇರಬಹುದು. ಅರ್ಧ ಗಂಟೆ ನೋಡಿ, ಮಲಗಿದರೆ ಅಥವಾ ಉಸಿರು ಜೋರಾದರೆ ನನಗೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ."

ಆ ಕೊನೆಯ ಸಾಲಿನಲ್ಲೇ ಎಲ್ಲ ಇದೆ. ನನಗೆ ಕಾಯದೆ. ನೀವು ಆಸ್ಪತ್ರೆಯವರ ಜೊತೆ ಕಾಲ್‌ನಲ್ಲಿ ಇರುತ್ತೀರಿ, ಫೋನ್ ಎತ್ತಲ್ಲ. ಆ ಹೊತ್ತಿಗೆ ನಿಮ್ಮ ಕೆಲಸಗಾರರು ನಿಮ್ಮ ಅಪ್ಪಣೆಗೆ ಕಾಯುತ್ತಾ ಕೂತರೆ ಆಡು ಹೋಯಿತು. ಅದಕ್ಕೇ ಎರಡು ವಿಷಯ ಮೊದಲೇ ಇತ್ಯರ್ಥ ಆಗಿರಲಿ: ನನ್ನನ್ನು ಕೇಳದೆ ಏನೇನು ಮಾಡಬಹುದು, ಎಷ್ಟು ದುಡ್ಡಿನವರೆಗೆ ಖರ್ಚು ಮಾಡಬಹುದು. ಆ ದುಡ್ಡು ಶೆಡ್ಡಿನಲ್ಲೇ ಡಬ್ಬಿಯಲ್ಲಿರಲಿ, ಇಲ್ಲವೇ ಅವರ ಫೋನಿನಲ್ಲಿ. ಪಶುವೈದ್ಯರ ಹತ್ತಿರ ನೀವೇ ಹೋಗಿ ಇವರನ್ನು ಪರಿಚಯ ಮಾಡಿಸಿ. ಇವರು ಫೋನ್ ಮಾಡಿದರೆ ನಾನು ಮಾಡಿದ ಹಾಗೇ ಅಂತ ಹೇಳಿ.

ಅವರು ತೆಗೆದುಕೊಂಡ ತೀರ್ಮಾನ ನಿಮಗೆ ಇಷ್ಟ ಆಗದಿದ್ದರೂ ಮೊದಲ ಸಲ ಬೈಯಬೇಡಿ. ಬೈದರೆ ಮುಂದಿನ ಸಲ ಅವರು ಕಾಯುತ್ತಾರೆ. ಆಸ್ಪತ್ರೆಯಲ್ಲೂ ಹೀಗೇ. ಕಿರಿಯ ನರ್ಸ್ ರಾತ್ರಿ ಎರಡಕ್ಕೆ ಡಾಕ್ಟರನ್ನು ಸುಮ್ನೆ ಎಬ್ಬಿಸಿದಳು ಅಂತ ಬೈಸಿಕೊಂಡ ವಾರ್ಡಿನಲ್ಲಿ, ಎಬ್ಬಿಸಲೇಬೇಕಾದ ರಾತ್ರಿ ಯಾರೂ ಎಬ್ಬಿಸಲ್ಲ.

ಇನ್ನು ಆಫೀಸಿನ ಕಡೆ. ರಾತ್ರಿಪಾಳಿ ಅವರು ಕೇಳಿದ ಪ್ರಶ್ನೆ ಸರಿಯಾಗಿದೆ. ಕೊನೆಯ ಫೋನ್ ನಿಮಗೊಬ್ಬರಿಗೇ ಅಂದರೆ ಹುದ್ದೆ ಒಪ್ಪಬೇಡಿ. ಎರಡನೇ ಹೆಸರು ಇರಲಿ. ಹೆಸರಿಗೆ ಮಾತ್ರ ಅಲ್ಲ. ಸಿಸ್ಟಮನ್ನು ಹಿಂದಿನ ಆವೃತ್ತಿಗೆ ತರಬೇಕಾ, ಆಸ್ಪತ್ರೆಗೆ ಕಾಗದದ ಮೇಲೆ ಕೆಲಸ ನಡೆಸಿ ಅಂತ ಹೇಳಬೇಕಾ, ಇದನ್ನು ಅವರೇ ತೀರ್ಮಾನಿಸುವ ಹಾಗಿರಲಿ. ಇದನ್ನು ತೋಟಕ್ಕೋಸ್ಕರ ಕೇಳುತ್ತಿದ್ದೀರಿ ಅಂತ ಸಂಕೋಚ ಬೇಡ. ಒಬ್ಬರ ಫೋನಿನ ಮೇಲೆ ನಿಂತ ಆಸ್ಪತ್ರೆ ವ್ಯವಸ್ಥೆ ತೋಟ ಇಲ್ಲದಿದ್ದರೂ ತಪ್ಪೇ.

ಹಳೇಬೇರು

ಪಾಳಿ ಅಕ್ಕ, ಹಲಗೆ ವಿಷಯ ಒಪ್ಪಿದೆ. ನಮ್ಮಲ್ಲಿ ಬಾಯಲ್ಲೇ ಎಲ್ಲ. ಗಾದೆ ಮಾತ್ರ ನಾನು ಬಿಡಲ್ಲ.

ಪಕ್ಕದಮನೆ

ಒಂದು ವಿಷಯ ಯಾರೂ ಮುಟ್ಟಲಿಲ್ಲ. ಇಲ್ಲಿ ಎರಡನೇ ಹೆಸರು, ಡೆಪ್ಯುಟಿ ಅಂತೆಲ್ಲ ಮಾತಾಡುತ್ತಿದ್ದೀರಿ. ಬಹಳ ಮನೆಗಳಲ್ಲಿ ಆ ಎರಡನೇ ಹೆಸರು ಹೆಂಡತಿಯದ್ದೋ ಗಂಡನದ್ದೋ ಆಗಿರುತ್ತೆ. ಯಾರೂ ಕೇಳಿರಲ್ಲ, ಹಾಗೇ ಆಗಿಬಿಟ್ಟಿರುತ್ತೆ. ನಮ್ಮವರು ಆಸ್ಪತ್ರೆ ನೆಟ್‌ವರ್ಕ್ ವಿಭಾಗದಲ್ಲಿದ್ದಾರೆ. "ಐದು ನಿಮಿಷ ಕಾಲ್" ಅಂತ ಒಳಗೆ ಹೋದರೆ ಕೋಳಿ, ಮೋಟರ್, ಗೇಟಿಗೆ ಬಂದವರು, ಎಲ್ಲ ನನಗೆ. ನನ್ನ ಕೆಲಸವೂ ಕೆಲಸವೇ, ನಾನು ಅನುವಾದ ಮಾಡುತ್ತೇನೆ. ಮನೆಯಲ್ಲಿ ಕೂತು ಮಾಡುವುದರಿಂದ ಅದು ಕಾಣಲ್ಲ ಅಷ್ಟೇ. ಆಮೇಲೆ ಅವರು ಗೆಳೆಯರ ಮುಂದೆ ಕೆಲಸ, ತೋಟ ಎರಡೂ ತೂಗಿಸುತ್ತಿದ್ದೇನೆ ಅಂತಾರೆ. ತಕ್ಕಡಿ ಹಿಡಿದು ನಿಂತವರು ಯಾರು ಅಂತ ಯಾರೂ ಕೇಳಲ್ಲ.

ಮೊಳಕೆ, ನಿಮ್ಮ ಮನೆಯಲ್ಲಿ ಆಡಿನ ಮಾತು ತೆಗೆದಾಗ ಅವರು ಏನಂದರು?

ಮೊಳಕೆ

ಖಡಕ್ ಪ್ರಶ್ನೆ. ಇವತ್ತು ಸಂಜೆ ಕೂತು ಮಾತಾಡಿದೆವು. ನನ್ನ ಹೆಂಡತಿ ಶಾಲೆಯಲ್ಲಿ ಕಲಿಸುತ್ತಾರೆ. ಅವರ ಉತ್ತರ ನೇರ: "ನೀರು, ಗಿಡ ನಾನು ನೋಡ್ತೀನಿ, ನನಗೂ ಇಷ್ಟ. ಜೀವ ಇರೋದನ್ನ ರಾತ್ರಿ ಹೊತ್ತು ನೋಡಲ್ಲ. ನೀನು ಫೋನಲ್ಲಿದ್ದಾಗ ಆಡು ಅರಚಿದರೆ ನಾನು ಎದ್ದು ಹೋಗಲ್ಲ, ಈಗಲೇ ಹೇಳಿದೀನಿ." ಅಂದರೆ ಆಡಿಗೆ ಬೇರೆ ಮನುಷ್ಯ ಬೇಕು, ಇಲ್ಲವೇ ಆಡು ಬೇಡ. ಇದು ಹೀಗೆ ಬಾಯಿಬಿಟ್ಟು ಹೇಳಿದ್ದೇ ಒಳ್ಳೇದಾಯ್ತು.

ಪಕ್ಕದಮನೆ

ಅವರಿಗೆ ನನ್ನ ನಮಸ್ಕಾರ ಹೇಳಿ.

ಗೋಡೆಯಾಚೆ

ಭದ್ರತೆಯವನು ನಾನು, ಆದ್ದರಿಂದ ಮಜಾ ಕೆಡಿಸುವ ಮಾತೇ ಬರುತ್ತೆ.

ತೋಟದ ಕ್ಯಾಮೆರಾ, ವಾಲ್ವ್ ಕಂಟ್ರೋಲರ್, ಗೇಟು, ಇವೆಲ್ಲ ಇರುವ ವೈಫೈಗೆ ಆಫೀಸಿನ ಲ್ಯಾಪ್‌ಟಾಪ್ ಹಾಕಬೇಡಿ. 2016ರಲ್ಲಿ ಮಿರಾಯ್ ಅನ್ನುವ ದಾಳಿ ಕ್ಯಾಮೆರಾ, ರೌಟರ್‌ಗಳನ್ನು ಹಿಡಿದದ್ದು ಬಹಳ ಸುಲಭದ ದಾರಿಯಲ್ಲಿ. ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರಲಿಲ್ಲ. ನಿಮ್ಮ ಕೋಳಿ ಗೂಡಿನ ಕ್ಯಾಮೆರಾಗೂ ರೋಗಿಗಳ ದಾಖಲೆಗೂ ನಡುವೆ ಒಂದು ಗೋಡೆ ಬೇಕು. ಪಾಸ್‌ವರ್ಡ್ ಬದಲಾಯಿಸಿ, ತೋಟಕ್ಕೆ ಬೇರೆ ನೆಟ್‌ವರ್ಕ್ ಮಾಡಿ, ಅಲ್ಲಿಂದ ಇಲ್ಲಿಗೆ ದಾರಿ ಮುಚ್ಚಿ. ರೌಟರ್‌ನಲ್ಲಿ ಅತಿಥಿಗಳ ನೆಟ್‌ವರ್ಕ್ ಅಂತ ಇರುತ್ತಲ್ಲ, ಕನಿಷ್ಠ ಅದನ್ನಾದರೂ ಬಳಸಿ. ಆಫೀಸಿನ ಕ್ಲೌಡ್ ಖಾತೆಯಲ್ಲಿ ತೋಟದ ಸೆನ್ಸರ್ ಡೇಟಾ ಇಡುವ ಜಾಣತನ ಬೇಡವೇ ಬೇಡ. ಹೀಗೆ ಇಟ್ಟವರನ್ನು ನೋಡಿದ್ದೇನೆ.

ರೋಗಿಯ ವಿಷಯ ಮಾತಾಡುವ ಕಾಲ್ ಅನ್ನು ಪಾತಿ ನಡುವೆ ಸ್ಪೀಕರ್ ಹಾಕಿಕೊಂಡು ಮಾತಾಡಬೇಡಿ. ಬೇಲಿಯಾಚೆ ಕಿವಿ ಇರುತ್ತೆ.

ಕಡೆಯದಾಗಿ ಕಾಗದ ಪತ್ರ. ನಿಮ್ಮ ಒಪ್ಪಂದದಲ್ಲಿ ಹೊರಗಿನ ವ್ಯವಹಾರದ ಬಗ್ಗೆ ಏನಿದೆ ಓದಿ. ತೋಟದ ಮಾಲು ಮಾರಿ ದುಡ್ಡು ಬರುತ್ತಿದ್ದರೆ ಅದನ್ನು ಲಿಖಿತವಾಗಿ ತಿಳಿಸಿಬಿಡಿ. ನಿಮ್ಮ ಗ್ರಾಹಕ ಆಸ್ಪತ್ರೆಯ ಅಡುಗೆಮನೆಗೆ ನಿಮ್ಮ ತರಕಾರಿ ಹೋಗುವ ಹಾಗಾದರೆ ಮೊದಲೇ ಕೇಳಿ. ಒಳ್ಳೇ ಮನಸ್ಸಿನಿಂದ ಮಾಡಿದರೂ ನೋಡುವವರಿಗೆ ಅದು ಲಾಭದ ನಂಟು.

ರಾತ್ರಿಪಾಳಿ

ಇದಕ್ಕೆ ಒಂದು ಸೇರಿಸುತ್ತೇನೆ. ರಾತ್ರಿ ಪೂರ್ತಿ ಎದ್ದು ಸಿಸ್ಟಮ್ ಸರಿಮಾಡಿ, ಬೆಳಗ್ಗೆ ಮೇವು ಕತ್ತರಿಸುವ ಯಂತ್ರದ ಮುಂದೆ ನಿಲ್ಲಬೇಡಿ. ಟ್ರ್ಯಾಕ್ಟರ್, ಚೈನ್ ಸಾ ಯಾವುದೂ ಬೇಡ. ನಿದ್ದೆಗೆಟ್ಟವರು ಶಸ್ತ್ರಚಿಕಿತ್ಸೆ ಮಾಡಬಾರದು ಅಂತ ಬೇರೆಯವರಿಗೆ ನಿಯಮ ಬರೆಯುವವರು ನಾವು. ಬೆರಳು ಹತ್ತೇ. ಟೆಟನಸ್ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡಿರಿ ನೆನಪಿದೆಯಾ? ಅದರ ರೋಗಾಣು ಮಣ್ಣಲ್ಲೇ ಇರುತ್ತೆ, ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಬೇಕು.

ಜೇನುಹುಟ್ಟು

ಆಡಿನ ಬದಲು ಜೇನು ಸಾಕಬಹುದಲ್ಲ? ದಿನಾ ಮೇವು ಬೇಡ, ಹಾಲು ಕರೆಯೋದು ಬೇಡ.

ಕೊಟ್ಟಿಗೆ_ಲೆಕ್ಕ

ಜೇನು ವರ್ಷದ ಬಹುಪಾಲು ತಡೆಯುತ್ತೆ, ನಿಜ. ಆದರೆ ಕುಟುಂಬ ಪಾಲಾಗಿ ಹಾರುವ ಕಾಲದಲ್ಲಿ ಕಷ್ಟ. ರಾಣಿಹುಳು ಮೊಟ್ಟೆಯಿಂದ ಹೊರಬರಲು ಸುಮಾರು 16 ದಿನ, ಅರ್ಧ ದಾರಿಗೇ ಆ ಕೋಣೆ ಮುಚ್ಚುತ್ತೆ. ಕೋಣೆ ಮುಚ್ಚುವ ಹೊತ್ತಿಗೆ ಹಳೇ ರಾಣಿ ಅರ್ಧ ಕುಟುಂಬ ಕರಕೊಂಡು ಹೊರಡುತ್ತೆ. ಹಾಗಾಗಿ ಆ ಕಾಲದಲ್ಲಿ ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡಲೇಬೇಕು, ಅದೂ ಬಿಸಿಲಿರುವ ಹಗಲು ಹೊತ್ತು. ಮೀಟಿಂಗ್ ಹೊತ್ತೂ ಅದೇ. ಒಂದು ಪೆಟ್ಟಿಗೆಯಿಂದ ಶುರುಮಾಡಿದರೆ ತೊಂದರೆ ಇಲ್ಲ.

ನಿಧಾನಗಾಮಿ

ಎಲ್ಲರೂ ತೋಟವನ್ನೇ ಕತ್ತರಿಸುತ್ತಿದ್ದೀರಿ. ನಾನು ಹುದ್ದೆಯ ಕಡೆಯಿಂದ ನೋಡುತ್ತೇನೆ. ಆರೋಗ್ಯ ತಂತ್ರಜ್ಞಾನದಲ್ಲಿ ಮುಖ್ಯಸ್ಥರಾಗುವುದು ಅಂದರೆ ಒಂದೇ ಥರದ ಕೆಲಸ ಅಲ್ಲ.

ಆಸ್ಪತ್ರೆಯ ಒಳಗಿನ ಮಾಹಿತಿ ಮುಖ್ಯಸ್ಥರು ಎಲ್ಲರ ಕೈಗೂ ಸಿಗಬೇಕು. ವಾರ್ಡಿನಲ್ಲಿ ಪ್ರಿಂಟರ್ ನಿಂತರೂ ಅವರ ಹೆಸರೇ. ಕ್ಲೌಡ್‌ನಲ್ಲಿ ಸೇವೆ ನಡೆಸುವ ಕಂಪನಿಯ ತಂತ್ರಜ್ಞಾನ ಮುಖ್ಯಸ್ಥರಿಗೆ ಪ್ರಯಾಣ ಕಮ್ಮಿ, ರಾತ್ರಿ ಫೋನ್ ಜಾಸ್ತಿ. ವೈದ್ಯಕೀಯ ಉಪಕರಣದ ಸಾಫ್ಟ್‌ವೇರ್‌ನಲ್ಲಿ ಗುಣಮಟ್ಟ, ಸುರಕ್ಷತೆಯ ಮುಖ್ಯಸ್ಥರ ಬದುಕೇ ಬೇರೆ. ನಾನು ಇರುವುದು ಅಲ್ಲಿ. ಐಇಸಿ 62304 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಾಫ್ಟ್‌ವೇರ್‌ನಿಂದ ಜೀವಕ್ಕೆ ಎಷ್ಟು ಅಪಾಯ ಅಂತ ನೋಡಿ ಎ, ಬಿ, ಸಿ ಅಂತ ವರ್ಗ ಮಾಡುತ್ತಾರೆ. ಐಎಸ್‌ಒ 14971 ಅನ್ನುವ ಇನ್ನೊಂದು ಮಾನದಂಡದ ಪ್ರಕಾರ ಅಪಾಯದ ಲೆಕ್ಕ ಬರೆಯಬೇಕು. ಅತಿ ಹೆಚ್ಚು ಅಪಾಯದ ಸಿ ವರ್ಗದ್ದಾದರೆ ಬರೆಯುವ ಕೆಲಸ ರಾಶಿ ರಾಶಿ. ಬೇಜಾರು ಹಿಡಿಸುತ್ತೆ, ಸುಳ್ಳು ಹೇಳಲ್ಲ. ಆದರೆ ಆ ಕೆಲಸ ಸಮನಾಗಿ ಹರಿಯುತ್ತೆ, ರಾತ್ರಿ ಎರಡಕ್ಕೆ ಎಬ್ಬಿಸುವುದು ಅಪರೂಪ.

ಮಾನದಂಡಗಳ ಕೆಲಸವೂ ಹಾಗೇ. ಬೇರೆ ಬೇರೆ ಸಿಸ್ಟಮ್‌ಗಳು ಆರೋಗ್ಯ ಮಾಹಿತಿ ಹಂಚಿಕೊಳ್ಳಲು ಎಚ್‌ಎಲ್7 ಸಂಸ್ಥೆ ಮಾಡಿದ ಫೈರ್ ಮಾನದಂಡದ ಆರ್4 ಆವೃತ್ತಿ ಬಂದದ್ದು 2018ರ ಡಿಸೆಂಬರ್, ಆರ್5 ಬಂದದ್ದು 2023ರ ಮಾರ್ಚ್. ನಡುವಿನ ಹೊತ್ತಿಗೆ ನೆಟ್ಟ ಸಸಿ ಹಣ್ಣು ಬಿಡುತ್ತೆ!

ಮೊಳಕೆ ಅವರೇ, ನೀವು ಹುದ್ದೆ ಒಪ್ಪಬೇಡಿ ಅಂತಲ್ಲ. ಮುಖ್ಯಸ್ಥರ ಕೆಲಸದಲ್ಲಿ ಎರಡು ಭಾಗ ಇದೆ: ನಡೆಯುತ್ತಿರುವ ಸೇವೆ, ಮುಂದಿನದ್ದನ್ನು ಕಟ್ಟುವುದು. ಸೇವೆಯ ಭಾಗಕ್ಕೆ ಬೇರೆ ಒಬ್ಬ ನಿರ್ದೇಶಕರನ್ನು ಕೇಳಿ. ಸಂಬಳದ ಚೌಕಾಸಿಗಿಂತ ಮೊದಲು ಇದನ್ನು ಕೇಳಿ. ಸೇರಿದಮೇಲೆ ಕೇಳಿದರೆ ಮುಂದಿನ ಬಜೆಟ್‌ನಲ್ಲಿ ನೋಡೋಣ ಅಂತಾರೆ.

ದುಡ್ಡಿನ ಬಗ್ಗೆಯೂ ಒಂದು ಮಾತು. ತೋಟಕ್ಕೆ ಬೇರೆ ಖಾತೆ ತೆರೆಯಿರಿ. ವರ್ಷಕ್ಕೆ ಇಷ್ಟು ಅಂತ ಸಂಬಳದಿಂದ ಒಂದೇ ಸಲ ಹಾಕಿ, ಅದು ಮುಗಿದರೆ ಆ ವರ್ಷಕ್ಕೆ ಮುಗಿಯಿತು. ಇಲ್ಲದಿದ್ದರೆ ಸಂಬಳ ಜಾಸ್ತಿ ಆದಷ್ಟೂ ತೋಟದ ಖರ್ಚೂ ಏರುತ್ತೆ, ಆಮೇಲೆ ತೋಟಕ್ಕೋಸ್ಕರವೇ ಕೆಲಸ ಬಿಡಲಾಗದ ಸ್ಥಿತಿ. ಇದನ್ನು ಬಹಳ ಜನರಲ್ಲಿ ನೋಡಿದ್ದೇನೆ.

ಹಳೇಬೇರು

ನಿಧಾನಗಾಮಿ ಅವರೇ, ಬೇರೆ ಖಾತೆ ಮಾತು ಬಂಗಾರ. ಮೊಳಕೆ, ಆ ಖಾಲಿ ಜಾಗ ಇದೆಯಲ್ಲ, ಅದನ್ನು ಈಗ ಏನೂ ಮಾಡಬೇಡಿ. ದ್ವಿದಳ ಹಸಿರೆಲೆ ಗೊಬ್ಬರದ ಬೀಜ ಚೆಲ್ಲಿ, ಹೂ ಬರುವ ಹೊತ್ತಿಗೆ ಮಗುಚಿ ಹಾಕಿಸಿ. ಮಣ್ಣು ತಿನ್ನಲಿ. ನಿಮ್ಮ ಹೊಸ ಕೆಲಸ ಒಂದು ವರ್ಷ ಹೇಗಿದೆ ಅಂತ ನೋಡಿದಮೇಲೆ ಆಡು ತನ್ನಿ. ಖಾಲಿ ಬಿಟ್ಟರೆ ಕಳೆ ತುಂಬಿ ಆಮೇಲೆ ಎರಡು ಪಟ್ಟು ಕೆಲಸ.

ಮೊಳಕೆ

ಎಲ್ಲರಿಗೂ ಧನ್ಯವಾದ. ಇವತ್ತು ಮ್ಯಾನೇಜ್‌ಮೆಂಟ್ ಜೊತೆ ಮಾತಾಡಿದೆ. ಸೇವೆಯ ಭಾಗಕ್ಕೆ ನಿರ್ದೇಶಕರು ಬೇಕು ಅಂದೆ. ತಕ್ಷಣ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ, ಹೆಸರು ಯಾರಿದ್ದಾರೆ ಅಂತ ಕೇಳಿದರು. ನನ್ನ ತಂಡದಲ್ಲೇ ಒಬ್ಬರಿದ್ದಾರೆ, ಹೇಳಿದ್ದೇನೆ. ಅದು ಲಿಖಿತವಾಗಿ ಬರುವವರೆಗೆ ಸಹಿ ಹಾಕಲ್ಲ.

ತೋಟದಲ್ಲಿ ಹಳೇಬೇರು ಅವರ ಮಾತಿನಂತೆ ಖಾಲಿ ಜಾಗಕ್ಕೆ ಹಸಿರೆಲೆ ಗೊಬ್ಬರ. ಆಡಿನ ವಿಷಯ ಮುಂದಿನ ವರ್ಷ. ಹಸಿರುಬೇಲಿ ಮೇಡಂ, ಆಗ ನಿಮ್ಮ ಕ್ಯಾಲೆಂಡರ್ ಕೇಳಲು ಬರುತ್ತೇನೆ. ಕೆಲಸಗಾರರ ಜೊತೆ ಕೂತು ಕೇಳದೆ ಮಾಡಬಹುದಾದ ಕೆಲಸಗಳ ಪಟ್ಟಿ ಬರೆದೆವು. ಅವರು ಮೊದಲು ಹೇಳಿದ್ದು, "ಮೋಟರ್ ರಿಪೇರಿಯವರನ್ನ ನಾನೇ ಕರೆಸ್ತೀನಿ, ನೀವು ಫೋನ್ ಎತ್ತೋದೇ ಇಲ್ಲ".

ಎರೆಹುಳು ಅವರೇ, ಫ್ಲೋ ಮೀಟರ್ ಎಲ್ಲಿ ಕೂರಿಸಬೇಕು? ಪಂಪ್ ಪಕ್ಕದಲ್ಲೇ ಹಾಕಿದರೆ ಆಗುತ್ತಾ?

ಎರೆಹುಳು

ಪಂಪ್ ಪಕ್ಕ ಬೇಡ. ಫಿಲ್ಟರ್ ಆದಮೇಲೆ, ವಾಲ್ವ್‌ಗಳಿಗೆ ಕವಲೊಡೆಯುವ ಮೊದಲು. ಫಿಲ್ಟರ್‌ಗಿಂತ ಮೊದಲು ಹಾಕಿದರೆ ಮರಳು ಹೋಗಿ ಮೀಟರ್ ಚಕ್ರ ಸವೆಯುತ್ತೆ. ಮೀಟರ್‌ನ ಹಿಂದೆ, ಅಂದರೆ ನೀರು ಬರುವ ಕಡೆ, ಪೈಪಿನ ಅಗಲದ ಹತ್ತು ಪಟ್ಟು, ಮುಂದೆ, ನೀರು ಹೋಗುವ ಕಡೆ, ಐದು ಪಟ್ಟು ಉದ್ದ ನೇರ ಪೈಪ್ ಬಿಡಿ. ಎರಡು ಇಂಚಿನ ಪೈಪಾದರೆ ಹಿಂದೆ ಇಪ್ಪತ್ತು ಇಂಚು, ಮುಂದೆ ಹತ್ತು. ಎಲ್ಬೋ ಪಕ್ಕದಲ್ಲೇ ಕೂರಿಸಿದರೆ ನೀರು ಸುಳಿ ಹೊಡೆದು ಅಳತೆ ತಪ್ಪುತ್ತೆ. ಮೇಲಿನ ಬಾಣದ ಗುರುತು ನೋಡಿ ಕೂರಿಸಿ, ಪ್ಲಂಬರ್‌ಗೂ ತೋರಿಸಿ. ತಿರುಗಾ ಮುರುಗಾ ಹಾಕಿ ಹೋಗುವವರೇ ಜಾಸ್ತಿ.